ನೀರಿಗೊಂದು ಅಳತೆ, ಉಪ್ಪಿಗೊಂದು ಅಳತೆ

ಸಂಸ್ಕೃತ ಕೋಶಗಳಲ್ಲಿ ನೀರಿಗೆ ಹೆಸರುಗಳು ಬಹಳ. ಅವುಗಳಲ್ಲಿ ‘ಜೀವನ’ ಎಂಬುದೊಂದು. ಅದು ಯಾರಿಗೂ ಆಶ್ಚರ್ಯವನ್ನುಂಟುಮಾಡದು. ಆದರೆ ‘ವಿಷ’ ಎಂಬ ಶಬ್ದಕ್ಕೂ ನೀರೆಂಬ ಅರ್ಥವುಂಟೆಂದು ನಾವು ಪಾಠಶಾಲೆಯಲ್ಲಿ ಹೇಳಿದಾಗಲೆಲ್ಲ ಮಕ್ಕಳು ನಗುತ್ತಿದ್ದರು. ವ್ಯಾಪಿಸುವುದೆಂಬ ಧಾತ್ವರ್ಥದಿಂದ ಬಂದ ಹೆಸರಿದು, ಹಾವಿನ ವಿಷಕ್ಕೂ ಇದಕ್ಕೂ ನಂಟು ಕಲ್ಪಿಸಬೇಕಾಗಿಲ್ಲವೆಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು. ಈಚೆಗೆ ಮನೆಮನೆಯಲ್ಲಿಯೂ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮೂತ್ರಪಿಂಡದ ದೌರ್ಬಲ್ಯ, ಹೃದಯದ ಬಳಲಿಕೆ ಇವುಗಳಲ್ಲಿ ಎರಡು ಮೂರಾದರೂ ಒಂದೇ ದೇಹದಲ್ಲಿ ಕೂಡಿಕೊಂಡಿರುವ ಹಿರಿಯರನ್ನು ಕಾಣುವಾಗ ಆ ಎರಡು ಹೆಸರುಗಳೂ ಒಟ್ಟಿಗೆ ನೆನಪಿಗೆ ಬರುತ್ತವೆ. ಒಬ್ಬರಿಗೆ ಪ್ರಾಣಾಧಾರವಾದ ನಾಲ್ಕು ತಂಬಿಗೆ ನೀರು ಅದೇ ಮನೆಯ ಇನ್ನೊಬ್ಬರಿಗೆ ಉಸಿರುಕಟ್ಟಿಸುವ ಹೊರೆಯಾಗಬಹುದು. ಉಪ್ಪಿನ ಸಂಗತಿಯೂ ಹಾಗೆಯೇ. ‘ನೀರು ಹೆಚ್ಚು ಕುಡಿಯಿರಿ, ಉಪ್ಪು ಬಿಡಿರಿ’ ಎಂದು ಎಲ್ಲರಿಗೂ ಒಂದೇ ಉಪದೇಶವನ್ನು ಹಂಚುವುದು ಸುಲಭ. ಆದರೆ ಬಹುವ್ಯಾಧಿಗಳಿರುವಲ್ಲಿ ಅಳತೆಯು ಆಳಿನಿಂದಾಳಿಗೆ ಬೇರೆಯಾಗಿರುತ್ತದೆ, ಮತ್ತು ಆ ಅಳತೆಯನ್ನು ಮೈ ಕೆಡುವ ಮೊದಲೇ ತಿಳಿದಿಟ್ಟುಕೊಂಡಿರಬೇಕಾಗುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆಯವರಿಗೆ ಇದು ದೂರದ ಮಾತಲ್ಲ. 1953ರ ವರೆಗೆ ಮದರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿದ್ದು, 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯೊಳಗೆ ಈಗ ಸೇರಿರುವ ಈ ನಾಡು ಮೊದಲಿನಿಂದಲೂ ಮಳೆಯ ಕೊರತೆಯುಳ್ಳದ್ದು. ಹಡಗಲಿ ಹರಪನಹಳ್ಳಿಗಳ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ, ಹಗರಿಬೊಮ್ಮನಹಳ್ಳಿಗೆ ಅವಳ ಹಿನ್ನೀರು ಉಂಟು; ಕೂಡ್ಲಿಗಿ ಕೊಟ್ಟೂರುಗಳ ಊರುಗಳಲ್ಲಿ ಮಾತ್ರ ಬಹುಕಾಲ ಕೊಳವೆಬಾವಿಯೇ ಗತಿಯಾಗಿತ್ತು. ಯುಗಾದಿಯಿಂದ ಮೃಗಶಿರೆಯ ಮಳೆ ಬೀಳುವ ವರೆಗೆ ಉಷ್ಣಮಾಪಕದ ಪಾದರಸವು 40 ಅಂಶವನ್ನು ಮುಟ್ಟುವ ದಿನಗಳು ಹಲವು. ಇಂತಹ ಬಿಸಿಲಿನಲ್ಲಿ ಗಟ್ಟಿಮುಟ್ಟಾದ ರೈತನ ಮೈಯಿಂದಲೇ ಹೊತ್ತಿಗೆ ಲೀಟರುಗಟ್ಟಲೆ ಬೆವರು ಇಳಿಯುವುದು. ಬೆವರೆಂದರೆ ಬರಿಯ ನೀರಲ್ಲ, ಉಪ್ಪುನೀರು.

ಉಪ್ಪೆಂದೊಡನೆ ‘ಲವಣ’ ಶಬ್ದದಿಂದ ‘ಲಾವಣ್ಯ’ ಹುಟ್ಟಿದ್ದನ್ನು ಹೇಳದಿರಲು ಹಳೆಯ ಉಪಾಧ್ಯಾಯರಾದ ನಮ್ಮಿಂದಾಗದು, ವಾಚಕರು ಕ್ಷಮಿಸಬೇಕು. ದೇಹಕ್ಕೆ ಬೇಕಾದ ಲವಣಗಳನ್ನು ಡಾಕ್ಟರರು ‘ಎಲೆಕ್ಟ್ರೋಲೈಟ್’ ಎನ್ನುತ್ತಾರೆ. ಅವುಗಳಲ್ಲಿ ನಮ್ಮ ಪ್ರಸ್ತಾಪಕ್ಕೆ ಮುಖ್ಯವಾದವು ಎರಡು. ಅಡಿಗೆಯ ಉಪ್ಪಿನಲ್ಲಿರುವ ಸೋಡಿಯಮ್ಮು ರಕ್ತದಲ್ಲಿಯೂ ಜೀವಕೋಶಗಳ ಹೊರಗಿನ ರಸದಲ್ಲಿಯೂ ಇರುತ್ತದೆ. ಬಾಳೆಹಣ್ಣು, ಎಳನೀರು, ಬೇಳೆ, ಸೊಪ್ಪುಗಳಲ್ಲಿ ಹೇರಳವಾಗಿರುವ ಪೊಟಾಸಿಯಮ್ಮು ಜೀವಕೋಶಗಳ ಒಳಗೆ ಇರುತ್ತದೆ. ಲೀಟರು ರಕ್ತದ ರಸದಲ್ಲಿ ಸೋಡಿಯಮ್ಮು 135ರಿಂದ 145 ಮಿಲಿಮೋಲುಗಳ ನಡುವೆಯೂ, ಪೊಟಾಸಿಯಮ್ಮು ಸುಮಾರು 3.5ರಿಂದ 5ರ ನಡುವೆಯೂ ಇರಬೇಕು. ಮೊದಲನೆಯದು ಬಹಳ ಇಳಿದರೆ ಮಿದುಳು ಮಂಕಾಗುತ್ತದೆ. ಎರಡನೆಯದು ಬಹಳ ಏರಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಇವನ್ನು ಸರಿದೂಗಿಸುವ ಅಧಿಕಾರಿಗಳು ಮೂತ್ರಪಿಂಡಗಳು. ಅವು ದಿನಕ್ಕೆ ಸುಮಾರು 180 ಲೀಟರಷ್ಟು ರಸವನ್ನು ಸೋಸಿ, ಅದರಲ್ಲಿ ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಕ್ಕೆ ಬಿಡುತ್ತವೆ.

ಮುಪ್ಪಿನಲ್ಲಿ ಈ ಏರ್ಪಾಡು ಸಡಿಲವಾಗುತ್ತದೆ. ವಯಸ್ಕ ಪುರುಷನ ತೂಕದಲ್ಲಿ ನೂರಕ್ಕೆ ಅರವತ್ತು ಪಾಲು ನೀರಿದ್ದದ್ದು ವೃದ್ಧಾಪ್ಯದಲ್ಲಿ ಐವತ್ತರ ಸಮೀಪಕ್ಕೆ ಬರುತ್ತದೆ. ಎಂದರೆ ಕೂಡಿಟ್ಟ ಧನವೇ ಕಡಮೆ. ಮೂತ್ರಪಿಂಡಗಳು ನೀರನ್ನು ಹಿಡಿದಿಡುವ ಶಕ್ತಿಯೂ ಕುಗ್ಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಬಾಯಾರಿಕೆಯೇ ಮಂದವಾಗುತ್ತದೆ. ಚರಕಸಂಹಿತೆಯು ಉದಕವಹ ಸ್ರೋತಸ್ಸುಗಳಿಗೆ ತಾಲುವನ್ನೂ ಕ್ಲೋಮವನ್ನೂ ಮೂಲವೆಂದು ಎಣಿಸಿ, ತೃಷ್ಣೆಯನ್ನು ಒಂದು ಪ್ರತ್ಯೇಕ ವ್ಯಾಧಿಯಾಗಿಯೇ ವಿಚಾರಿಸಿದೆ. ಇಂದಿನ ವೈದ್ಯರು ಅದಕ್ಕೆ ಸೇರಿಸುವುದೇನೆಂದರೆ, ಎಪ್ಪತ್ತು ದಾಟಿದವರ ಅಂಗುಳು ಒಣಗಿದೆಯೆಂದು ಹೇಳುವ ವರೆಗೆ ಕಾಯಕೂಡದು ಎಂಬುದು.

ಇನ್ನೊಂದು ಕಾರಣವನ್ನು ಯಾವ ಪುಸ್ತಕದಲ್ಲಿಯೂ ಹುಡುಕಬೇಕಾಗಿಲ್ಲ. ಮನೆಯ ಮುದುಕಿಯರು ಬೇಕೆಂದೇ ನೀರು ಕುಡಿಯುವುದಿಲ್ಲ. ಮೊಣಕಾಲು ನೋವು, ಪಾಯಖಾನೆಯು ಹಿತ್ತಿಲ ತುದಿಯಲ್ಲಿ, ರಾತ್ರಿ ಎದ್ದರೆ ಸೊಸೆಯನ್ನು ಎಬ್ಬಿಸಬೇಕು. ಶೇಂಗಾದ ಹೊಲಕ್ಕೆ ಹೋಗುವ ಹೆಂಗಸರಿಗೂ, ಬಸ್ಸಿನಲ್ಲಿ ದೂರ ಪ್ರಯಾಣ ಮಾಡುವವರಿಗೂ ಇದೇ ಸಂಕೋಚ. ‘ಯವ್ವಾ, ಒಂದು ತಂಬಿಗಿ ನೀರು ಕುಡಿ ಬೇ’ ಎಂದು ಮಗನು ಹತ್ತು ಸಲ ಹೇಳುವುದಕ್ಕಿಂತ, ಹಾಸಿಗೆಯ ಬಳಿಯಿಂದ ಪಾಯಖಾನೆಯ ವರೆಗೆ ಒಂದು ದೀಪವನ್ನೂ ಹಿಡಿದು ನಡೆಯಲು ಒಂದು ಸರಳನ್ನೂ ಹಾಕಿಸಿದರೆ ಆ ತಾಯಿ ತಾನಾಗಿಯೇ ನೀರು ಕುಡಿದಾಳು. ಸಂಜೆಯ ನಂತರ ಕಡಮೆ ಮಾಡಿ, ಬೆಳಗಿನಿಂದ ನಾಲ್ಕು ಗಂಟೆಯೊಳಗೆ ದಿನದ ನೀರಿನ ಹೆಚ್ಚು ಪಾಲನ್ನು ಮುಗಿಸುವುದೂ ಒಂದು ಉಪಾಯ.

ಸಕ್ಕರೆ ಕಾಯಿಲೆಯ ಮಾತು ಹೆಚ್ಚಿನವರಿಗೆ ಗೊತ್ತು. ರಕ್ತದಲ್ಲಿ ಸಕ್ಕರೆ ಮಿತಿಮೀರಿದಾಗ ಅದು ಮೂತ್ರದಲ್ಲಿ ಇಳಿಯುತ್ತದೆ. ಇಳಿಯುವಾಗ ನೀರನ್ನೂ ಲವಣಗಳನ್ನೂ ಎಳೆದೊಯ್ಯುತ್ತದೆ. ಈಗ ಬಹಳವಾಗಿ ಬರೆದುಕೊಡುತ್ತಿರುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ದಾರಿಯಿಂದ ಹೊರದೂಡುವಂಥವು. ಹೃದಯಕ್ಕೂ ಮೂತ್ರಪಿಂಡಕ್ಕೂ ಅವುಗಳಿಂದ ಹಿತವುಂಟು, ಆದರೆ ವಾಂತಿಭೇದಿಯಾದ ದಿನ ಅವೇ ನೀರನ್ನು ಮತ್ತಷ್ಟು ಬತ್ತಿಸುತ್ತವೆ.

ರಕ್ತದ ಒತ್ತಡದ ಮಾತ್ರೆಗಳ ವಿಷಯದಲ್ಲಿ ಸ್ವಲ್ಪ ನಿಂತು ನೋಡಬೇಕಾಗಿದೆ. ಆ ಮಾತ್ರೆಯ ಹೆಸರಿನ ಕೊನೆಯಲ್ಲಿ ‘ಎಚ್’ ಎಂಬ ಅಕ್ಷರವಿದ್ದರೆ ಸಾಮಾನ್ಯವಾಗಿ ಅದರಲ್ಲಿ ಹೈಡ್ರೋಕ್ಲೋರೋಥಯಜೈಡ್ ಎಂಬ ಮೂತ್ರಲ ಔಷಧ ಬೆರೆತಿರುತ್ತದೆ. ಕ್ಲೋರ್‌ಥಾಲಿಡೋನ್ ಎಂಬುದೂ ಆ ಜಾತಿಯದೇ. ಇವು ಮೂತ್ರದೊಡನೆ ಸೋಡಿಯಮ್ಮನ್ನು ಹೊರಗೆ ಕಳುಹಿಸಿ ಒತ್ತಡವನ್ನು ಇಳಿಸುತ್ತವೆ. ನಮ್ಮ ಪರಿಚಯದ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿಯವರಿಗೆ ಇಂತಹ ಮಾತ್ರೆ ನಡೆದಿತ್ತು. ಚೈತ್ರಮಾಸದ ಬಿಸಿಲು. ಒತ್ತಡಕ್ಕೆ ಉಪ್ಪು ಬೇಡವೆಂದು ಸೊಸೆಯು ಸಪ್ಪೆಯ ರೊಟ್ಟಿ, ಸಪ್ಪೆಯ ಸಾರು ಮಾಡಿಕೊಟ್ಟಳು. ಬಿಸಿಲಿಗೆ ನೀರು ಬೇಕೆಂದು ಮಗನು ಗಂಟೆಗೊಂದು ತಂಬಿಗೆ ಕುಡಿಸಿದನು. ಇಬ್ಬರದೂ ಭಕ್ತಿಯೇ. ನಾಲ್ಕು ದಿನ ಕಳೆಯುವುದರೊಳಗೆ ಆಕೆಗೆ ಊಟ ಸೇರದಾಯಿತು, ಓಕರಿಕೆ ಬಂದಿತು, ನಡೆಯುವಾಗ ತೂರಾಡತೊಡಗಿದರು. ಐದನೆಯ ದಿನ ಮೊಮ್ಮಗನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆದರು. ಗಾಳಿ ಸೋಕಿತೆಂದು ಯಾರೋ ಅಂದರಂತೆ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ ಸೋಕಿದ್ದು ಗಾಳಿಯಲ್ಲ, ಸೋಡಿಯಮ್ಮು ಬಹಳವಾಗಿ ಇಳಿದುಹೋಗಿದೆಯೆಂದು ತಿಳಿಯಿತು. ಅದನ್ನು ಒಮ್ಮೆಲೇ ಏರಿಸಿದರೆ ಮಿದುಳಿಗೆ ಕೇಡಾಗುವುದರಿಂದ ವೈದ್ಯರು ಮೆಲ್ಲಮೆಲ್ಲನೆ, ಪದೇಪದೇ ರಕ್ತ ನೋಡುತ್ತ ಸರಿಪಡಿಸಿದರು. ಆಕೆ ಉಳಿದರು.

ಈ ಮನೆಯಲ್ಲಿ ಯಾರೂ ಉದಾಸೀನ ಮಾಡಿರಲಿಲ್ಲವೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಉಪ್ಪನ್ನು ಕಡಮೆ ಮಾಡಬೇಕೆಂಬ ಮಾತು ಸತ್ಯವೇ. ಒಬ್ಬ ವಯಸ್ಕನಿಗೆ ದಿನಕ್ಕೆ 5 ಗ್ರಾಂಗಿಂತ ಕಡಮೆ, ಎಂದರೆ ಒಂದು ಚಹಾಚಮಚದ ಒಳಗೆ, ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನಮ್ಮ ಕಡೆಯ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪುಮೆಣಸಿನಕಾಯಿಗಳನ್ನೂ, ಸಂಜೆಯ ಮಂಡಕ್ಕಿ ಮಿರ್ಚಿಗಳನ್ನೂ ಲೆಕ್ಕಕ್ಕೆ ತಂದರೆ ಈ ಮಿತಿಯು ಮಧ್ಯಾಹ್ನದೊಳಗೇ ಮುಗಿದುಹೋಗುವ ಮನೆಗಳೇ ಹೆಚ್ಚು. ಆದರೆ ಕಡಮೆ ಮಾಡುವುದು ಬೇರೆ, ಪೂರ್ತಿಯಾಗಿ ಬಿಡಿಸುವುದು ಬೇರೆ. ಅದರಲ್ಲಿಯೂ ಮೂತ್ರಲ ಮಾತ್ರೆ ನುಂಗುವ ವೃದ್ಧರಿಗೆ, ಬೆವರಿಳಿಯುವ ಕಾಲದಲ್ಲಿ, ಬರಿಯ ನೀರನ್ನು ಮೇಲೆ ಮೇಲೆ ಹೊಯ್ದು, ಉಪ್ಪನ್ನು ಸೊನ್ನೆಗಿಳಿಸುವುದು ಸರ್ವಥಾ ಸಲ್ಲದು.

ಇನ್ನು ಮೂತ್ರಪಿಂಡದ ರೋಗಿಗಳ ಪಾಡು. ಇವರಿಗೆ ಪೊಟಾಸಿಯಮ್ಮು ಹೊರಹೋಗುವ ಬಾಗಿಲು ಕಿರಿದಾಗಿರುತ್ತದೆ. ಟೆಲ್ಮಿಸಾರ್ಟನ್, ಎನಾಲಪ್ರಿಲ್ ಮೊದಲಾದ ಒತ್ತಡದ ಮಾತ್ರೆಗಳೂ, ಹೃದಯರೋಗಕ್ಕೆ ಕೊಡುವ ಸ್ಪೈರೋನೊಲ್ಯಾಕ್ಟೋನೂ ಆ ಬಾಗಿಲನ್ನು ಇನ್ನಷ್ಟು ಕಿರಿದುಮಾಡುತ್ತವೆ. ಇಂತಹವರನ್ನು ನೋಡಲು ಬರುವ ಬಂಧುಗಳು ಪ್ರೀತಿಯಿಂದ ಎಳನೀರನ್ನೇ ತರುತ್ತಾರೆ. ಒಂದು ದೊಡ್ಡ ಎಳನೀರಿನಲ್ಲಿ 500 ಮಿಲಿಗ್ರಾಂಗೂ ಮಿಕ್ಕಿದ ಪೊಟಾಸಿಯಮ್ಮಿರುತ್ತದೆ. ಆರೋಗ್ಯವಂತನಿಗೆ ಅದು ಅಮೃತ. ಮೂತ್ರಪಿಂಡ ಸೋತವರಿಗೆ ದಿನಕ್ಕೆರಡು ಕುಡಿಸುವುದು ಅಪಾಯ. ಒತ್ತಡಕ್ಕೆ ಒಳ್ಳೆಯದೆಂದು ಅಂಗಡಿಗಳಲ್ಲಿ ಮಾರುವ ‘ಕಡಮೆ ಸೋಡಿಯಮ್ಮಿನ ಉಪ್ಪಿ’ನಲ್ಲಿಯೂ ಸೋಡಿಯಮ್ಮಿನ ಒಂದು ಪಾಲನ್ನು ತೆಗೆದು ಪೊಟಾಸಿಯಮ್ಮನ್ನು ಸೇರಿಸಿರುತ್ತಾರೆ. ಆದುದರಿಂದ ಅದು ಒತ್ತಡ ಮಾತ್ರವುಳ್ಳವರಿಗೆ ಹಿತ, ಒತ್ತಡದೊಡನೆ ಮೂತ್ರಪಿಂಡದ ರೋಗವೂ ಇದ್ದವರಿಗೆ ಅಹಿತ. ಒಂದು ವ್ಯಾಧಿಯ ಪಥ್ಯವು ಇನ್ನೊಂದರ ಅಪಥ್ಯವಾಗುವುದೆಂದರೆ ಹೀಗೆ.

ಹೃದಯವು ಬಳಲಿದವರಿಗೆ ನೀರೇ ಹೊರೆ. ಡಯಾಲಿಸಿಸ್ ನಡೆಯುತ್ತಿರುವವರಿಗೆ ಸಾಮಾನ್ಯವಾಗಿ ಹಿಂದಿನ ದಿನ ಹೋದ ಮೂತ್ರದಷ್ಟು ಮತ್ತು ಅದರ ಮೇಲೆ ಅರ್ಧ ಲೀಟರು ಎಂದು ಲೆಕ್ಕ ಹಾಕಿಕೊಡುತ್ತಾರೆ. ಈ ಲೆಕ್ಕದಲ್ಲಿ ಚಹಾ, ಹಾಲು, ಮಜ್ಜಿಗೆ, ಅಂಬಲಿ, ಸಾರು, ಕಲ್ಲಂಗಡಿ ಎಲ್ಲವೂ ಸೇರಿದವು. ಬರಿಯ ನೀರನ್ನು ಮಾತ್ರ ಎಣಿಸಿ ಮೋಸಹೋಗಬಾರದು. ಗೃಹಿಣಿಯರು ಮನೆಯ ತಂಬಿಗೆಯು ಎಷ್ಟು ಹಿಡಿಯುವುದೆಂದು ಒಂದು ಸಲ ಅಳೆದಿಡಲಿ. ಬೆಳಿಗ್ಗೆ ರೋಗಿಯ ಪಾಲನ್ನು ಒಂದು ಪ್ರತ್ಯೇಕ ಬಿಂದಿಗೆಗೆ ಹಾಕಿಟ್ಟು, ಚಹಾ ಕೊಟ್ಟಾಗ ಅಷ್ಟು ನೀರನ್ನು ಅದರಿಂದ ತೆಗೆದರೆ, ಅಕ್ಷರ ಬಾರದವರಿಗೂ ಲೆಕ್ಕ ಕಣ್ಣಿಗೆ ಕಾಣುತ್ತದೆ. ದಿನವೂ ಎದ್ದೊಡನೆ, ಮೂತ್ರ ವಿಸರ್ಜಿಸಿ, ಏನೂ ತಿನ್ನುವ ಮೊದಲು ತೂಕ ನೋಡಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಮಾಂಸವಲ್ಲ, ನೀರು. ಕಾಲು ಊದಿ, ಮಲಗಿದಾಗ ಉಸಿರು ಕಟ್ಟುವ ವರೆಗೆ ತಡೆಯದೆ ವೈದ್ಯರನ್ನು ಕಾಣತಕ್ಕದ್ದು. ಬೇಸಿಗೆಯಲ್ಲಿ ತೂಕವು ಥಟ್ಟನೆ ಇಳಿದು, ಎದ್ದು ನಿಂತೊಡನೆ ಕಣ್ಣು ಕತ್ತಲಿಡುತ್ತಿದ್ದರೆ ನೀರು ಬತ್ತಿದೆಯೆಂದು ಅರ್ಥ.

ಮಾಘ ಫಾಲ್ಗುಣಗಳಲ್ಲಿ ಕೊಟ್ಟೂರಿನ ಗುರುಬಸವೇಶ್ವರರ ರಥೋತ್ಸವಕ್ಕೂ, ಭಾರತ ಹುಣ್ಣಿಮೆಯ ವೇಳೆಗೆ ಮೈಲಾರದ ಕಾರಣಿಕಕ್ಕೂ ಸಾವಿರಾರು ಜನ ಸೇರುತ್ತಾರೆ. ದಾವಣಗೆರೆಯ ಕಡೆಯಿಂದ ಕೊಟ್ಟೂರಿಗೆ ಕಾಲ್ನಡಿಗೆಯಲ್ಲಿಯೇ ಬರುವವರಲ್ಲಿ ಸಕ್ಕರೆ ಕಾಯಿಲೆಯವರೂ ಇರುತ್ತಾರೆ. ಬಿಸಿಲಿನ ನಡಿಗೆ, ಹೊರಗಿನ ಆಹಾರ, ಗೊತ್ತಿಲ್ಲದ ನೀರು ಇವು ಕೂಡಿದಲ್ಲಿ ವಾಂತಿಭೇದಿಗೆ ಎಡೆಯುಂಟು. ಬಹುವ್ಯಾಧಿಯವರಿಗೆ ಅತ್ಯಂತ ಕಠಿನವಾದ ದಿನ ಅದು.

ಭೇದಿಗೆ ಉಪ್ಪು ಸಕ್ಕರೆ ಬೆರೆಸಿದ ನೀರೇ ಮದ್ದೆಂಬುದು ಕೇಳಲು ಸರಳ, ಆದರೆ ಅದರ ಹಿಂದಿನ ತತ್ತ್ವ ಸೂಕ್ಷ್ಮವಾದದ್ದು. ಕರುಳಿನ ಗೋಡೆಯಲ್ಲಿ ಗ್ಲೂಕೋಸೂ ಸೋಡಿಯಮ್ಮೂ ಜೋಡಿಯಾಗಿಯೇ ಒಳಸೇರುತ್ತವೆ, ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ ಎಂಬ ವಿಚಾರವನ್ನು ರಾಬರ್ಟ್ ಕ್ರೇನ್ ಎಂಬವರು 1960ರಲ್ಲಿ ಮುಂದಿಟ್ಟರು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಲ್ಲಿ ವಾಂತಿಭೇದಿಯ ಮಾರಿ ಹಬ್ಬಿದಾಗ, ಬಂಗಾಳದ ಬನಗಾಂವಿನ ಶಿಬಿರದಲ್ಲಿ ನರಕ್ಕೆ ಕೊಡುವ ದ್ರವವು ಮುಗಿಯುತ್ತ ಬಂದಿತ್ತು. ಡಾಕ್ಟರ್ ದಿಲೀಪ್ ಮಹಲನಬಿಸ್ ಎಂಬವರು ಉಪ್ಪು, ಅಡಿಗೆ ಸೋಡ, ಗ್ಲೂಕೋಸುಗಳನ್ನು ನೀರಿನಲ್ಲಿ ಕಲಸಿ ಪೀಪಾಯಿಗಳಲ್ಲಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮವಿಭೂಷಣ ಸಂದಿತು. ಮನೆಯ ತಾಯಂದಿರ ಕೈಗೆ ಔಷಧಶಾಲೆಯನ್ನು ಒಪ್ಪಿಸಿಕೊಟ್ಟ ಆ ಮಹನೀಯರ ಹೆಸರು ನಮ್ಮ ಶಾಲಾಪುಸ್ತಕಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಇರಬೇಕಾದದ್ದು.

2002ರಿಂದ ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪಿರುವ ಪುಡಿಯಲ್ಲಿ ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸು 13.5, ಪೊಟಾಸಿಯಂ ಕ್ಲೋರೈಡು 1.5, ಸಿಟ್ರೇಟು 2.9 ಗ್ರಾಂ ಇರುತ್ತವೆ. ಪುಡಿಯು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದೊರೆಯುತ್ತದೆ. ಪೊಟ್ಟಣದ ಮೇಲೆ ಹೇಳಿದಷ್ಟು ನೀರಿನಲ್ಲಿ ಪೂರ್ತಿಯಾಗಿ ಕಲಸಬೇಕು; ಅರ್ಧ ಪುಡಿ, ಅಂದಾಜು ನೀರು ಎಂದರೆ ಕೆಲಸ ಕೆಟ್ಟಿತು. ಪುಡಿ ಸಿಕ್ಕದ ಹೊತ್ತಿನಲ್ಲಿ ಒಂದು ಲೀಟರು ಶುದ್ಧ ನೀರಿಗೆ ಮಟ್ಟಸವಾದ ಆರು ಚಹಾಚಮಚ ಸಕ್ಕರೆ, ಮಟ್ಟಸವಾದ ಅರ್ಧ ಚಮಚ ಉಪ್ಪು. ಸಕ್ಕರೆ ಕಾಯಿಲೆಯವರು ಇದನ್ನು ಕುಡಿಯಬಹುದೇ ಎಂದು ಕೇಳುವರುಂಟು. ಭೇದಿಯಾಗಿ ನೀರು ಹೋಗುತ್ತಿರುವಾಗ ಕುಡಿಯತಕ್ಕದ್ದೇ. ಸಕ್ಕರೆಯಿಲ್ಲದೆ ಉಪ್ಪು ಒಳಸೇರದು. ರಕ್ತದ ಸಕ್ಕರೆಯನ್ನು ಆಗಾಗ ನೋಡಿಕೊಂಡರಾಯಿತು. ಆದರೆ ಬಾಯಾರಿಕೆಗೆ ದಿನವೂ ಕುಡಿಯುವ ಪಾನಕವಲ್ಲ ಇದು. ಹೃದಯ ಅಥವಾ ಮೂತ್ರಪಿಂಡ ಸೋತವರು ಮಾತ್ರ ಎಷ್ಟೆಂಬುದನ್ನು ವೈದ್ಯರಿಂದ ಕೇಳಿಯೇ ಕುಡಿಯಬೇಕು. ಇದೇ ಹೆಸರನ್ನು ಹಚ್ಚಿಕೊಂಡು, ಹೆಚ್ಚು ಸಕ್ಕರೆ ತುಂಬಿದ ಸಿಹಿಪಾನೀಯಗಳೂ ಅಂಗಡಿಗಳಲ್ಲಿ ಬಹಳ ದಿನ ಮಾರಾಟವಾದವು. 2025ರ ಅಕ್ಟೋಬರಿನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ಅಂತಹ ಪಾನೀಯಗಳು ‘ಒ.ಆರ್.ಎಸ್.’ ಎಂಬ ಹೆಸರನ್ನು ಬಳಸಕೂಡದೆಂದು ಆಜ್ಞೆ ಮಾಡಿತು. ತಡವಾಯಿತೆಂದೇ ನಮ್ಮ ಅಭಿಪ್ರಾಯ.

ಆ ದಿನ ನೀರಿನಷ್ಟೇ ಮುಖ್ಯವಾದದ್ದು ಮಾತ್ರೆಗಳ ವಿಚಾರ. ವಾಂತಿಭೇದಿಯಿಂದ ಮೈ ಬತ್ತಿರುವಾಗ ಮೂತ್ರಲ ಮಾತ್ರೆಗಳು, ಟೆಲ್ಮಿಸಾರ್ಟನ್ ಜಾತಿಯವು, ಮೆಟ್‌ಫಾರ್ಮಿನ್, ಮೇಲೆ ಹೇಳಿದ ಡಾಪಾಗ್ಲಿಫ್ಲೋಜಿನ್, ನೋವಿನ ಮಾತ್ರೆಗಳು ಇವುಗಳಲ್ಲಿ ಕೆಲವನ್ನು ಒಂದೆರಡು ದಿನ ನಿಲ್ಲಿಸುವಂತೆ ವೈದ್ಯರು ಹೇಳುವುದುಂಟು. ಇನ್ಸುಲಿನ್ನನ್ನು ಮಾತ್ರ ಊಟ ಸೇರಲಿಲ್ಲವೆಂದು ರೋಗಿಯು ತಾನಾಗಿ ಬಿಡಕೂಡದು. ಯಾವುದನ್ನು ನಿಲ್ಲಿಸಬೇಕು, ಯಾವಾಗ ಮತ್ತೆ ಆರಂಭಿಸಬೇಕು ಎಂಬುದನ್ನು ಆರೋಗ್ಯವಾಗಿರುವಾಗಲೇ ವೈದ್ಯರ ಕೈಯಲ್ಲಿ ಒಂದು ಚೀಟಿಯ ಮೇಲೆ ಬರೆಸಿ, ಮಾತ್ರೆಯ ಡಬ್ಬಿಯೊಳಗೆ ಇಟ್ಟಿರಬೇಕು. ಅದೇ ಚೀಟಿಯಲ್ಲಿ ದಿನದ ನೀರು ಎಷ್ಟು, ಉಪ್ಪು ಎಷ್ಟು ಎಂಬುದೂ ಇರಲಿ. ಎಂಟು ಗಂಟೆಗಳ ಕಾಲ ಮೂತ್ರವೇ ಇಲ್ಲದಿದ್ದರೆ, ಮಾತು ತಡವರಿಸಿದರೆ, ಗುರುತು ತಪ್ಪಿದರೆ, ಕುಡಿದದ್ದೆಲ್ಲ ವಾಂತಿಯಾದರೆ, ಚೀಟಿಯನ್ನು ಓದುತ್ತ ಕೂಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ನೋವಿನ ಮಾತ್ರೆಯ ಮಾತು ಬಂದುದರಿಂದ ನಮ್ಮ ಸೀಮೆಯ ಇನ್ನೊಂದು ಸಂಕಟವನ್ನು ಹೇಳಬೇಕಾಗಿದೆ. ಇಲ್ಲಿನ ಹಲವು ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಕಲ್ಲಿನ ಪದರಗಳಿಂದ ಕರಗಿ ಬಂದದ್ದದು. ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಬೆನ್ನು ಕೀಲುಗಳು ಬಿಗಿಯುತ್ತವೆ. ಮದರಾಸು ಪ್ರಾಂತದಲ್ಲಿ ಎಲುಬಿನ ಈ ರೋಗವನ್ನು ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿ ಪ್ರಕಟಿಸಿದ್ದು 1937ರಲ್ಲಿ. ಕೀಲು ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ಮುಂತಾದ ಮಾತ್ರೆ ತಂದು ದಿನವೂ ನುಂಗುವವರು ಬಹುಮಂದಿ. ಒತ್ತಡದ ಮಾತ್ರೆ, ಮೂತ್ರಲ ಮಾತ್ರೆ, ನೋವಿನ ಮಾತ್ರೆ ಈ ಮೂರೂ ಕೂಡಿ, ಮೇಲೆ ಬಿಸಿಲಿಗೆ ಮೈಯೂ ಬತ್ತಿದ್ದರೆ ಮೂತ್ರಪಿಂಡಗಳು ಕೆಲವೇ ದಿನಗಳಲ್ಲಿ ಸೋಲಬಹುದು.

ಇಷ್ಟೇ ಅಲ್ಲ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡಿರುವ ನೀರನ್ನು ಎರಡು ಲೀಟರು ಕುಡಿದವನ ಹೊಟ್ಟೆಗೆ 4 ಮಿಲಿಗ್ರಾಂ ಸೇರಿದರೆ, ಸಕ್ಕರೆ ಕಾಯಿಲೆಯ ದಾಹದಿಂದ ನಾಲ್ಕು ಲೀಟರು ಕುಡಿದವನಿಗೆ 8 ಸೇರುತ್ತದೆ. ಅದನ್ನು ಹೊರಹಾಕಬೇಕಾದವು ಮೂತ್ರಪಿಂಡಗಳೇ. ಅವು ಸೋತಿದ್ದರೆ ಎಲುಬಿನಲ್ಲಿ ಇನ್ನಷ್ಟು ನಿಲ್ಲುತ್ತದೆ. ಆದುದರಿಂದ ಈ ಸೀಮೆಯಲ್ಲಿ ‘ಎಷ್ಟು ನೀರು’ ಎಂಬ ಪ್ರಶ್ನೆಗೆ ಮುಂಚೆ ‘ಯಾವ ನೀರು’ ಎಂಬ ಪ್ರಶ್ನೆಯಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರ ವರೆಗೆ ಎಂಬುದು ನಮ್ಮ ದೇಶದ ಮಾನಕ. ಕಾಯಿಸುವುದರಿಂದ ಫ್ಲೋರೈಡು ಹೋಗದು. ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಪಟಿಕವನ್ನೂ ಸುಣ್ಣವನ್ನೂ ಅಳತೆಯಿಂದ ಬೆರೆಸಿ ತೆಗೆಯುವ ‘ನಲಗೊಂಡ ವಿಧಾನ’ವನ್ನು ನಾಗಪುರದ ಪರಿಸರ ಸಂಶೋಧನಾಲಯವು ರೂಪಿಸಿತು, ಈಗ ಊರೂರಿನಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಪೊರೆಯ ಮೂಲಕ ಸೋಸುತ್ತವೆ. ಅವುಗಳ ಪೊರೆಯನ್ನು ಕಾಲಕಾಲಕ್ಕೆ ಬದಲಾಯಿಸುತ್ತಿದ್ದಾರೆಯೇ ಎಂದು ಕೇಳುವುದು ಗ್ರಾಮಸ್ಥರ ಹಕ್ಕು. ಆ ನೀರಿನಲ್ಲಿ ಲವಣವೇ ಇಲ್ಲವೆಂದು ಕೆಲವರು ಅಂಜುತ್ತಾರೆ. ನಮ್ಮ ಸೋಡಿಯಮ್ಮು ಪೊಟಾಸಿಯಮ್ಮುಗಳ ಬಹುಪಾಲು ಬರುವುದು ನೀರಿನಿಂದಲ್ಲ, ಊಟದಿಂದ.

ಬಾವಿಯ ನೀರನ್ನು ಪರೀಕ್ಷೆ ಮಾಡಿಸಲು ಗ್ರಾಮ ಪಂಚಾಯಿತಿಯನ್ನೋ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯವನ್ನೋ ಕೇಳಬಹುದು. ಮಾದರಿಯನ್ನು ಗಾಜಿನ ಶೀಷೆಯಲ್ಲಿ ಒಯ್ಯದೆ, ಅದೇ ನೀರಿನಿಂದ ಎರಡು ಮೂರು ಸಲ ಗಲಬರಿಸಿದ ಪ್ಲಾಸ್ಟಿಕ್ಕಿನ ಶೀಷೆಯಲ್ಲಿ ಒಯ್ಯಬೇಕು. ಗಾಜು ಫ್ಲೋರೈಡನ್ನು ಹೀರಿಕೊಂಡು ಲೆಕ್ಕವನ್ನು ಕಡಮೆ ತೋರಿಸೀತು.